ಪ್ಲೇ ಸ್ಕೂಲ್ ಫ್ರಾಂಚೈಸಿ ರದ್ದು ಅಂತ 30 ದಿನದ ನೋಟಿಸ್ ಬಂದಿದೆ. ಎಂತ ಮಾಡುವುದು?

ಕುಂಜಿಬೆಟ್ಟು ಟೀಚರ್ · ಫೆಬ್ರವರಿ 5

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಸರ ಮಾಡ್ಕೊಬೇಡಿ.

ಉಡುಪಿಯಲ್ಲಿ ಒಂದು ಪ್ಲೇ ಸ್ಕೂಲ್ ನಡೆಸುತ್ತಿದ್ದೇನೆ. ಹೊರ ರಾಜ್ಯದ ಒಂದು ಕಂಪನಿಯ ಫ್ರಾಂಚೈಸಿ, ಹೆಸರು ಬೇಡ. ಅಗ್ರಿಮೆಂಟ್ 2021ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರ ತನಕ. ಈಗ 46 ಮಕ್ಕಳು, ನಾಲ್ಕು ಟೀಚರು, ಇಬ್ಬರು ಆಯಾ, ಒಂದು ವ್ಯಾನ್. ಕೊರೋನಾ ಸಮಯದಲ್ಲಿ ಐದೇ ಮಕ್ಕಳನ್ನು ಇಟ್ಟುಕೊಂಡು ಮೊಬೈಲ್‌ನಲ್ಲಿ ಪದ್ಯ ಹೇಳಿಕೊಟ್ಟು ಉಳಿಸಿಕೊಂಡ ಶಾಲೆ ಇದು.

ಮೊನ್ನೆ ರಾತ್ರಿ ವಾರ್ಷಿಕೋತ್ಸವಕ್ಕೆ ಚಿಟ್ಟೆಯ ರೆಕ್ಕೆ ಕತ್ತರಿಸುತ್ತಾ ಕೂತಿದ್ದೆ. ಒಂಬತ್ತು ಗಂಟೆಗೆ ಮೇಲ್ ಬಂತು. ಫೆಬ್ರವರಿ 3ರ ತಾರೀಕು. ರಾಯಲ್ಟಿ (ಅವರ ಹೆಸರು ಬಳಸುವುದಕ್ಕೆ ಫೀಸಿನಲ್ಲಿ ಕೊಡುವ ಪಾಲು) ಬಾಕಿ ₹38,400 ಕಟ್ಟಿಲ್ಲ, ಕಂಪನಿಯ ಕಿಟ್ ಬಿಟ್ಟು ಹೊರಗಿನ ಕ್ರೇಯಾನ್, ಡ್ರಾಯಿಂಗ್ ಪುಸ್ತಕ ಬಳಸಿದ್ದೀರಿ, ಅದಕ್ಕೆ 30 ದಿನದಲ್ಲಿ ಫ್ರಾಂಚೈಸಿ ರದ್ದು. ಡೆಪಾಸಿಟ್ ₹2 ಲಕ್ಷ ಮುಟ್ಟುಗೋಲು. ಮುಂದೆ ಎರಡು ವರ್ಷ 5 ಕಿಲೋಮೀಟರ್ ಒಳಗೆ ಬೇರೆ ಪ್ಲೇ ಸ್ಕೂಲ್ ನಡೆಸುವ ಹಾಗಿಲ್ಲ. ಕೊನೆಯಲ್ಲಿ ಒಂದು ಸಾಲು: ಹೇಗೂ ಅವಧಿ ಮುಗಿದ ಮೇಲೆ ನವೀಕರಣ ಇಲ್ಲ.

30 ದಿನ ಅಂದರೆ ಮಾರ್ಚ್ 5. ಮಕ್ಕಳಿಗೆ ವರ್ಷ ಮುಗಿಯುವುದೇ ಮಾರ್ಚ್ ಕೊನೆಗೆ. ಕಟ್ಟಡದ ಬಾಡಿಗೆ ಕರಾರು ನನ್ನ ಹೆಸರಲ್ಲಿ ಒಂಬತ್ತು ವರ್ಷಕ್ಕೆ ಉಂಟು. ಫ್ರಾಂಚೈಸಿ ನಡೆಸುವವರಿಗೆ ರಕ್ಷಣೆ ಕೊಡುವ ಕಾನೂನು ಯಾವುದಾದರೂ ಉಂಟಾ? ಇಷ್ಟು ದಿನದ ನೋಟಿಸ್ ಕೊಡಲೇಬೇಕು ಅಂತ?

ಉಡುಪಿ ಹುಲಿ

ಟೀಚರ್, ಹೆದರಬೇಡಿ. ಸೀದಾ ಗ್ರಾಹಕರ ಕೋರ್ಟಿಗೆ ಹೋಗಿ. ಜೊತೆಗೆ ಪೊಲೀಸ್ ಸ್ಟೇಷನ್ನಿನಲ್ಲಿ ಮೋಸದ ಕಂಪ್ಲೇಂಟ್ ಕೊಡಿ. ಪೇಪರಿನವರಿಗೂ ಹೇಳಿ. ಮೂರು ಕಡೆಯಿಂದ ಹೊಡೆತ ಬಿದ್ದರೆ ತಾನಾಗಿ ಬಗ್ಗುತ್ತಾರೆ.

ಹಂಪನಕಟ್ಟೆ ವಕೀಲ

ಹುಲಿಯವರೇ, ಸ್ವಲ್ಪ ತಡೆದುಕೊಳ್ಳಿ. ಪೊಲೀಸರು ಇದು ಸಿವಿಲ್ ವಿಷಯ ಅಂತ ಹಿಂಬರಹ ಕೊಟ್ಟು ಕಳಿಸುತ್ತಾರೆ. ಗ್ರಾಹಕರ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ತೆಗೆದುಕೊಂಡ ಸೇವೆ ಬರುವುದಿಲ್ಲ. ಹೊಟ್ಟೆಪಾಡಿನ ಸ್ವಂತ ಉದ್ಯೋಗ ಅನ್ನುವ ಒಂದು ಸಣ್ಣ ವಿನಾಯಿತಿ ಉಂಟು. ಆದರೆ ನಾಲ್ಕು ಟೀಚರು, ಇಬ್ಬರು ಆಯಾ, ವ್ಯಾನ್ ಎಲ್ಲ ಇಟ್ಟ ಶಾಲೆಗೆ ಅದನ್ನು ಎಳೆಯುವುದು ಕಷ್ಟ.

ಟೀಚರ್ ಕೇಳಿದ್ದಕ್ಕೆ ನೇರ ಉತ್ತರ: ಇಲ್ಲ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ಇರುವುದು 1872ರ ಕರಾರು ಕಾಯ್ದೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆ, ಬೋರ್ಡಿನ ಮೇಲಿನ ಹೆಸರಿಗೆ 1999ರ ಟ್ರೇಡ್ ಮಾರ್ಕ್ ಕಾಯ್ದೆ. ನೋಟಿಸ್ ಎಷ್ಟು ದಿನ ಅನ್ನುವುದು ನೀವು ಸಹಿ ಹಾಕಿದ ಕಾಗದದಲ್ಲಿ ಏನಿದೆಯೋ ಅಷ್ಟೇ. ಹಾಗಾಗಿ ಆ ಕಾಗದ ತೆಗೆದು ನೋಡಿ. ಮೂರು ವಿಷಯ ಇಲ್ಲಿ ಬರೆಯಿರಿ: ತಪ್ಪಾದರೆ ಸರಿ ಮಾಡಿಕೊಳ್ಳಲು ಎಷ್ಟು ದಿನ ಕೊಟ್ಟಿದ್ದಾರೆ, ಡೆಪಾಸಿಟ್ ಬಗ್ಗೆ ಏನು ಹೇಳಿದೆ, ತಕರಾರು ಬಂದರೆ ಎಲ್ಲಿಗೆ ಹೋಗಬೇಕು.

ಬಿಜೈ ಐಸ್‌ಕ್ರೀಂ

ನನ್ನ ಕತೆ ಹೇಳ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಮಂಗಳೂರಿನಲ್ಲಿ ನನ್ನದೊಂದು ಪಾರ್ಲರ್ ಇತ್ತು. ಅದೂ ಫ್ರಾಂಚೈಸಿಯೇ. ಅಗ್ರಿಮೆಂಟಿನಲ್ಲಿ ಯಾರು ಬೇಕಾದರೂ ಕಾರಣ ಹೇಳದೆ 30 ದಿನದ ನೋಟಿಸ್ ಕೊಟ್ಟು ಬಿಡಬಹುದು ಅಂತ ಇತ್ತು. ಸಹಿ ಹಾಕುವಾಗ ಖುಷಿಯೇ ಆಗಿತ್ತು. ನಾಳೆ ಬೇಡ ಅಂತಾದರೆ ನಾನೇ ಬಿಡಬಹುದಲ್ವಾ ಅಂತ. ಅವರೇ ಬಿಟ್ಟರು. ಪಕ್ಕದ ರಸ್ತೆಯಲ್ಲಿ ಇನ್ನೊಬ್ಬರಿಗೆ ದೊಡ್ಡ ಅಂಗಡಿ ಕೊಟ್ಟರು.

ನಾನು ಕೋರ್ಟಿಗೆ ಹೋದೆ, ತಡೆಯಾಜ್ಞೆ ತರಬೇಕು ಅಂತ. ಎದುರಿನ ವಕೀಲರು 1990ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಇಟ್ಟರು. ಇಂಡಿಯನ್ ಆಯಿಲ್ ಮತ್ತು ಅಮೃತಸರದ ಒಂದು ಗ್ಯಾಸ್ ಏಜೆನ್ಸಿಯ ಕೇಸು. ಅಲ್ಲೂ 30 ದಿನದ ಷರತ್ತು. ಏಜೆನ್ಸಿ ರದ್ದು ಮಾಡಿದ್ದು ತಪ್ಪು ಅಂತಾದರೂ ಏಜೆನ್ಸಿ ವಾಪಸ್ ಕೊಡಿಸಲು ಆಗುವುದಿಲ್ಲ, ಆ 30 ದಿನದಲ್ಲಿ ಎಷ್ಟು ಸಂಪಾದನೆ ಆಗುತ್ತಿತ್ತೋ ಅಷ್ಟು ಮಾತ್ರ ಪರಿಹಾರ ಅಂತ ತೀರ್ಪು. ನನಗೆ ತಡೆ ಸಿಗಲಿಲ್ಲ. ಎಂಟು ತಿಂಗಳು ಖಾಲಿ ಅಂಗಡಿಗೆ ಬಾಡಿಗೆ ಕಟ್ಟಿದೆ.

31ನೇ ದಿನ ಬೆಳಿಗ್ಗೆ ಪಿಕಪ್ ತಂದು ಫ್ರೀಜರ್ ಎತ್ತಿಕೊಂಡು ಹೋದರು. ಒಳಗೆ ಎರಡು ಟಬ್ ಗಡ್‌ಬಡ್‌ಗೆ ಅಂತ ಇಟ್ಟಿದ್ದ ವೆನಿಲಾ ಉಳಿದಿತ್ತು. ರಸ್ತೆ ಉದ್ದಕ್ಕೂ ಬಿಳಿ ಗೆರೆ ಬಿದ್ದುಕೊಂಡು ಹೋಯಿತು.

ಹಂಪನಕಟ್ಟೆ ವಕೀಲ

ಇವರು ಹೇಳಿದ್ದು ಸರಿ. ಕಾನೂನಿನ ಮಾತಿನಲ್ಲಿ ಇಂಥದ್ದಕ್ಕೆ ಸ್ವಭಾವತಃ ಕೊನೆಗೊಳಿಸಬಹುದಾದ ಕರಾರು ಅನ್ನುತ್ತಾರೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅದನ್ನು ಮುಂದುವರಿಸಿ ಅಂತ ಕೋರ್ಟು ಒತ್ತಾಯ ಮಾಡುವುದಿಲ್ಲ. ಹಣದ ಪರಿಹಾರ ಕೇಳಬಹುದು, ಅಷ್ಟೇ. ಅಂದರೆ ನೋಟಿಸ್ ಅವಧಿ ಎಷ್ಟು ಉದ್ದವೋ ನಿಮ್ಮ ಪರಿಹಾರವೂ ಹೆಚ್ಚುಕಮ್ಮಿ ಅಷ್ಟೇ ಉದ್ದ. ಸಹಿ ಹಾಕುವ ದಿನ ಆ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಎಲ್ಲರೂ ರಾಯಲ್ಟಿ ಪರ್ಸೆಂಟ್ ಚೌಕಾಶಿ ಮಾಡುತ್ತಾರೆ.

ನ್ಯೂಜೆರ್ಸಿಯ ಕುಡ್ಲದವ

ಇಲ್ಲಿ ಓದಿ ಆಶ್ಚರ್ಯ ಆಯಿತು. ನಾನಿರುವ ನ್ಯೂಜೆರ್ಸಿಯಲ್ಲಿ 1971ರಿಂದಲೂ ಇದಕ್ಕೆ ಅಂತಲೇ ಕಾನೂನು ಉಂಟು. ರಾಜ್ಯದೊಳಗೆ ಅಂಗಡಿ ಇರಬೇಕು, ವ್ಯಾಪಾರ ಇಂತಿಷ್ಟು ಇರಬೇಕು ಅಂತೆಲ್ಲ ಮಿತಿ ಉಂಟು. ಅದರೊಳಗೆ ಬಂದರೆ 60 ದಿನ ಮುಂಚೆ ಕಾರಣ ಬರೆದು ನೋಟಿಸ್ ಕೊಡಬೇಕು. ಕಾರಣವೂ ಸುಮ್ನೆ ಆಗುವುದಿಲ್ಲ, ಫ್ರಾಂಚೈಸಿಯವನು ಕರಾರನ್ನು ನಿಜವಾಗಿ ಮುರಿದಿರಬೇಕು. ನವೀಕರಣ ಮಾಡದಿರುವುದಕ್ಕೂ ಇದೇ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ನವೀಕರಣ ಇಲ್ಲ ಅಂತ ಹೇಳಲು 180 ದಿನ ಮೊದಲೇ ತಿಳಿಸಬೇಕು.

ಆದರೆ ಅಮೆರಿಕ ಪೂರ್ತಿ ಹೀಗೆ ಅಂದುಕೊಳ್ಳಬೇಡಿ. ಕೇಂದ್ರದ ನಿಯಮ ಇರುವುದು ಮಾರುವ ಮುಂಚೆ ವಿವರ ಕೊಡಬೇಕು ಅನ್ನುವುದಕ್ಕೆ ಮಾತ್ರ. ಸಹಿಗೆ 14 ದಿನ ಮೊದಲು ಎಲ್ಲ ಲೆಕ್ಕಪತ್ರ ಕೈಗೆ ಕೊಡಬೇಕು. ರದ್ದು ಮಾಡುವ ವಿಷಯ ರಾಜ್ಯಗಳಿಗೆ ಬಿಟ್ಟಿದ್ದು. ನದಿಯ ಆಚೆ ದಡದ ನ್ಯೂಯಾರ್ಕ್‌ನಲ್ಲಿ ಫ್ರಾಂಚೈಸಿ ಮಾರುವುದಕ್ಕೆ ಕಾನೂನು ಉಂಟು, ಕಿತ್ತುಕೊಳ್ಳುವುದಕ್ಕೆ ನಮ್ಮಂಥ ತಡೆ ಇಲ್ಲ.

ಕುಂದಾಪ್ರ ಮಾಣಿ

ಇಂಥ ಕಾನೂನು ಇಲ್ಲಿಯೂ ಬೇಕು ಅಂತ ಕಾರ್ ಡೀಲರುಗಳು ಕೇಳುತ್ತಲೇ ಇದ್ದಾರೆ. 2017ರಲ್ಲಿ ಜನರಲ್ ಮೋಟಾರ್ಸ್ ಇಲ್ಲಿ ಮಾರಾಟ ನಿಲ್ಲಿಸಿತು, 2020ರಲ್ಲಿ ಬೈಕಿನ ಹಾರ್ಲೆ, 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದಿಲ್ಲ ಅಂದಿತು. ಡೀಲರುಗಳ ಒಕ್ಕೂಟ ಫಾಡಾ ಫ್ರಾಂಚೈಸಿ ರಕ್ಷಣೆಯ ಕಾಯ್ದೆ ಬೇಕು ಅಂತ ಆಗಿನಿಂದ ಜೋರಾಗಿ ಹೇಳುತ್ತಿದೆ. ನಾನು ಶೋರೂಮಿನಲ್ಲಿ ಇದ್ದವ. ಕೋಟಿಗಟ್ಟಲೆ ಹಾಕಿದ ಧಣಿಗಳಿಗೇ ಸಿಗದ್ದು ಪ್ಲೇ ಸ್ಕೂಲಿನವರಿಗೆ ಯಾರು ಕೊಡುತ್ತಾರೆ ಮಾರಾಯ್ರೆ.

ಕುಂಜಿಬೆಟ್ಟು ಟೀಚರ್ · ಫೆಬ್ರವರಿ 7

ಅಗ್ರಿಮೆಂಟ್ ಸಿಕ್ಕಿತು. ಕಪಾಟಿನಲ್ಲಿ ಮಕ್ಕಳ ಮುಖವಾಡಗಳ ಅಡಿಯಲ್ಲಿತ್ತು.

ತಪ್ಪಾದರೆ ಲಿಖಿತವಾಗಿ ತಿಳಿಸಿ 60 ದಿನ ಸಮಯ ಕೊಡಬೇಕು, ಅಷ್ಟರಲ್ಲಿ ಸರಿ ಮಾಡದಿದ್ದರೆ ಮಾತ್ರ ರದ್ದು ಅಂತ ಉಂಟು. ತಪ್ಪಿನಿಂದ ರದ್ದಾದರೆ ಡೆಪಾಸಿಟ್ ಇಲ್ಲ. ಅವಧಿ ಮುಗಿದು ಹೋದರೆ 45 ದಿನದಲ್ಲಿ ಡೆಪಾಸಿಟ್ ವಾಪಸ್. ನವೀಕರಣ ಕಂಪನಿಯ ಇಚ್ಛೆ. ತಕರಾರು ಬಂದರೆ ದೆಹಲಿಯಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರ್ಮಾನ), ಆರ್ಬಿಟ್ರೇಟರನ್ನು ಕಂಪನಿಯ ಎಂಡಿ ನೇಮಿಸುತ್ತಾರಂತೆ. ನೋಟಿಸ್ ರಿಜಿಸ್ಟರ್ಡ್ ಪೋಸ್ಟ್ ಅಥವಾ ಕೊರಿಯರ್‌ನಲ್ಲಿ ಬರಬೇಕು ಅಂತಲೂ ಉಂಟು. ನನಗೆ ಬಂದದ್ದು ಮೇಲ್ ಮಾತ್ರ. ಇದೊಂದೇ ಸಾಕಲ್ವಾ, ನೋಟಿಸೇ ಅಲ್ಲ ಅನ್ನಲು?

ಹಂಪನಕಟ್ಟೆ ವಕೀಲ

ಮೇಲ್ ವಿಷಯ ಉತ್ತರದಲ್ಲಿ ಒಂದು ಸಾಲು ಬರೆಯಿರಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ. ನೀವು ಓದಿದ್ದೀರಿ ಅಂತ ಈ ಪುಟವೇ ಸಾಕ್ಷಿ ಹೇಳುತ್ತದೆ.

ಈಗ ಲೆಕ್ಕ ಹಾಕಿ. ಫೆಬ್ರವರಿ 3ಕ್ಕೆ 60 ದಿನ ಕೂಡಿಸಿದರೆ ಏಪ್ರಿಲ್ 4. ನಿಮ್ಮ ಅಗ್ರಿಮೆಂಟ್ ಮುಗಿಯುವುದು ಮಾರ್ಚ್ 31ಕ್ಕೆ. ಸರಿಯಾದ ನೋಟಿಸ್ ಕೊಟ್ಟಿದ್ದರೆ ರದ್ದು ಮಾಡುವ ದಿನ ಬರುವ ಮೊದಲೇ ಕರಾರು ತಾನಾಗಿ ಮುಗಿಯುತ್ತಿತ್ತು. ಮತ್ತೆ ಯಾಕೆ ಈ ಅವಸರ? ತಪ್ಪಿನಿಂದ ರದ್ದಾದರೆ ನಿಮ್ಮ ₹2 ಲಕ್ಷ ಅವರದ್ದು. ಅವಧಿ ಮುಗಿದರೆ ನಿಮ್ಮದು.

ಟೀಚರ್, ಹೋಗುವುದು ಹೇಗೂ ಹೋಗುವುದೇ. ನವೀಕರಣ ಅವರ ಇಚ್ಛೆ ಅಂತ ಬರೆದ ಮೇಲೆ ಅದನ್ನು ಕೋರ್ಟಿನಿಂದ ಕೇಳಿ ಪಡೆಯುವುದು ಆಗದ ಮಾತು. ಎದುರಿನ ಬಾಗಿಲಿನಿಂದ ಹೋಗುತ್ತೀರಾ, ಹಿಂದಿನ ಬಾಗಿಲಿನಿಂದ ತಳ್ಳಿಸಿಕೊಳ್ಳುತ್ತೀರಾ ಅನ್ನುವುದಕ್ಕೆ ಮಾತ್ರ ಈಗ ಜಗಳ. 60 ದಿನದ ಷರತ್ತು ನಿಮಗೆ ಕೊಡುವ ರಕ್ಷಣೆ ಅದೊಂದೇ, ಆದರೆ ಅದು ಸಣ್ಣದಲ್ಲ.

ಲೆಕ್ಕದ ಪುಸ್ತಕ

ನಾನು ಅಕೌಂಟ್ಸ್‌ನವಳು. ಆ ₹38,400 ಎಲ್ಲಿಂದ ಬಂತು ಅಂತ ನೋಡಿದಿರಾ? ದುಂಡು ಸಂಖ್ಯೆ ಅಲ್ಲ, ಏನೋ ಒಂದರ ಪರ್ಸೆಂಟ್ ಇರಬೇಕು. ರಾಯಲ್ಟಿ ಎಷ್ಟು, ಯಾವುದರ ಮೇಲೆ?

ಕುಂಜಿಬೆಟ್ಟು ಟೀಚರ್

20 ಪರ್ಸೆಂಟ್. ಬೋಧನಾ ಶುಲ್ಕದ ಮೇಲೆ. ಅದನ್ನು ಪ್ರತಿ ತಿಂಗಳು ಕಟ್ಟಿದ್ದೇನೆ, ರಸೀದಿ ಉಂಟು.

ಲೆಕ್ಕದ ಪುಸ್ತಕ

38,400 ಅಂದರೆ 1,92,000ದ 20 ಪರ್ಸೆಂಟ್. ವ್ಯಾನಿಗೆ ಎಷ್ಟು ಮಕ್ಕಳು ಬರುತ್ತಾರೆ?

ಕುಂಜಿಬೆಟ್ಟು ಟೀಚರ್

16. ತಿಂಗಳಿಗೆ 1,200. ಹತ್ತು ತಿಂಗಳು.

ಅಯ್ಯೋ ದೇವರೇ.

ಲೆಕ್ಕದ ಪುಸ್ತಕ

ಹಾಂ. ವ್ಯಾನ್ ಫೀಸಿನ ಮೇಲೆ ರಾಯಲ್ಟಿ ಹಾಕಿದ್ದಾರೆ. ಬೋಧನಾ ಶುಲ್ಕ ಅಂದರೆ ಡೀಸೆಲ್ ಅಲ್ಲ. ಒಂದು ಪೈಸೆ ಕೊಡಬೇಡಿ. ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ ಆಗ್ತದೆ.

ಬಿಜೈ ಐಸ್‌ಕ್ರೀಂ

ನಾನು ಒಪ್ಪುವುದಿಲ್ಲ. ಕೊಟ್ಟು ಬಿಡಿ ಟೀಚರ್. ₹38,400 ಉಳಿಸಲು ಹೋಗಿ ₹2 ಲಕ್ಷ ಕಳೆದುಕೊಳ್ಳಬೇಡಿ. ನ್ಯಾಯ ನನ್ನ ಕಡೆ ಉಂಟು ಅಂತ ನಾನೂ ಎಂಟು ತಿಂಗಳು ಕೂತಿದ್ದೆ.

ಹಂಪನಕಟ್ಟೆ ವಕೀಲ

ಇಬ್ಬರೂ ಅರ್ಧರ್ಧ ಸರಿ. ಕೊಡಿ, ಆದರೆ ಕಾಗದ ಬರೆದು ಕೊಡಿ. ಹೀಗೆ ಬರೆಯಿರಿ: ಈ ಹಣ ವ್ಯಾನ್ ಫೀಸಿನ ಮೇಲಿನ ಬೇಡಿಕೆ. ಅಗ್ರಿಮೆಂಟ್ ಪ್ರಕಾರ ನಾನು ಕೊಡಬೇಕಾದದ್ದಲ್ಲ. ನೀವು ಹೇಳಿದ ತಪ್ಪು ಉಳಿಯಬಾರದು ಅನ್ನುವ ಒಂದೇ ಕಾರಣಕ್ಕೆ ಕಟ್ಟುತ್ತಿದ್ದೇನೆ. ಇದರಿಂದ ನಾನು ತಪ್ಪು ಒಪ್ಪಿದ ಹಾಗಾಗುವುದಿಲ್ಲ, ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ. ಬ್ಯಾಂಕ್ ಮೂಲಕವೇ ಕಟ್ಟಿ. ಕ್ರೇಯಾನ್ ವಿಷಯಕ್ಕೂ ಹಾಗೇ, ಇಂದಿನಿಂದ ಕಂಪನಿಯ ಕಿಟ್ ಮಾತ್ರ ಅಂತ ಬರೆದು ಒಂದು ಫೋಟೋ ಸೇರಿಸಿ. ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ಮಾರ್ಚ್ 5ರ ಮೊದಲೇ ಅವರ ಕೈ ಸೇರಬೇಕು.

ಡೆಪಾಸಿಟ್ ಮುಟ್ಟುಗೋಲು ಅಂತ ಬರೆದ ಮಾತ್ರಕ್ಕೆ ಪೂರ್ತಿ ನುಂಗಲು ಬರುವುದಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಸಮಂಜಸವಾದ ಪರಿಹಾರಕ್ಕೆ ಮಾತ್ರ. ನಷ್ಟವೇ ಆಗದಿದ್ದರೆ ಮುಟ್ಟುಗೋಲು ಇಲ್ಲ ಅಂತ 2015ರಲ್ಲಿ ಕೈಲಾಶ್ ನಾಥ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಹೊರಗಿನ ಕ್ರೇಯಾನ್ ಕೊಂಡದ್ದರಿಂದ ಅವರಿಗೆ ₹2 ಲಕ್ಷ ನಷ್ಟ ಆಯಿತು ಅಂತ ತೋರಿಸಲಿ ನೋಡೋಣ.

ಎಂಡಿ ನೇಮಿಸುವ ಆರ್ಬಿಟ್ರೇಟರ್ ವಿಷಯವೂ ಹಾಗೇ. ತಕರಾರಿನಲ್ಲಿ ಪಾಲಿರುವವರೇ ಒಬ್ಬರನ್ನು ಏಕಪಕ್ಷೀಯವಾಗಿ ಆರಿಸುವುದನ್ನು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಒಪ್ಪಿಲ್ಲ. ಹೆಸರು ಕಳಿಸಿದರೆ ಒಪ್ಪಿಗೆ ಸಹಿ ಹಾಕಬೇಡಿ. ದೆಹಲಿ ಮಾತ್ರ ದೆಹಲಿಯೇ. ಅಲ್ಲಿ ಅಂತ ಸಹಿ ಹಾಕಿದ ಮೇಲೆ ಉಡುಪಿ ಕೋರ್ಟಿಗೆ ಬರಲು ಆಗುವುದಿಲ್ಲ.

ಬಿಜೈ ಐಸ್‌ಕ್ರೀಂ

ನನ್ನದರಲ್ಲಿ ಆರ್ಬಿಟ್ರೇಷನ್ ಇರಲಿಲ್ಲ. ತಡೆ ಸಿಗದ ಮೇಲೆ ಹಣಕ್ಕೆ ಬೇರೆಯೇ ದಾವೆ ಹಾಕಬೇಕಾಯಿತು. ಅದಕ್ಕೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಮಾತುಕತೆಗೆ ಕೂರಲೇಬೇಕು ಅಂದರು. ತುರ್ತು ತಡೆ ಬೇಕಿದ್ದರೆ ಮಾತ್ರ ನೇರ ಹೋಗಬಹುದಂತೆ. ₹3 ಲಕ್ಷಕ್ಕಿಂತ ಜಾಸ್ತಿಯ ವಾಣಿಜ್ಯ ತಕರಾರಿಗೆ ಈ ನಿಯಮ, ಫ್ರಾಂಚೈಸಿಯ ಹೆಸರು ಆ ಕಾಯ್ದೆಯಲ್ಲೇ ಉಂಟು. ನಿಜ ಹೇಳಬೇಕಾದರೆ ನನಗೆ ನಾಲ್ಕು ಕಾಸು ಸಿಕ್ಕಿದ್ದು ಆ ಮೇಜಿನಲ್ಲೇ.

ಕುಂಜಿಬೆಟ್ಟು ಟೀಚರ್

ದೊಡ್ಡ ಹೆದರಿಕೆ ಇರುವುದು 5 ಕಿಲೋಮೀಟರಿನದ್ದು. ಕುಂಜಿಬೆಟ್ಟಿನಿಂದ 5 ಕಿಲೋಮೀಟರ್ ಅಂದರೆ ಈ ಕಡೆ ಪೂರ್ತಿ ಉಡುಪಿ, ಆ ಕಡೆ ಮಣಿಪಾಲ. ಮಲ್ಪೆ ಬೀಚಿನಲ್ಲಿ ಶಾಲೆ ಮಾಡಬೇಕಷ್ಟೇ.

ಹಂಪನಕಟ್ಟೆ ವಕೀಲ

ಇದೊಂದರಲ್ಲಿ ನೀವು ಗಟ್ಟಿ. ಕರಾರು ಕಾಯ್ದೆಯ 27ನೇ ಸೆಕ್ಷನ್ ಓದಿ. ಯಾರನ್ನೇ ಆಗಲಿ ನ್ಯಾಯವಾದ ಕಸುಬು, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು. ಕರಾರು ನಡೆಯುತ್ತಿರುವಾಗ ಬೇರೆಯವರ ಕೆಲಸ ಮಾಡಬೇಡ ಅನ್ನಬಹುದು. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು, ಅದೂ ಫ್ರಾಂಚೈಸಿಯದ್ದೇ ಜಗಳ. ಆದರೆ ಕರಾರು ಮುಗಿದ ಮೇಲಿನ ತಡೆಯನ್ನು ನಮ್ಮ ಕೋರ್ಟುಗಳು ಒಪ್ಪುವುದು ಕಷ್ಟ. ಗುಡ್‌ವಿಲ್, ಅಂದರೆ ವ್ಯಾಪಾರ ಗಳಿಸಿದ ಒಳ್ಳೆ ಹೆಸರನ್ನು, ಮಾರಿದವರ ವಿಷಯದಲ್ಲಿ ಮಾತ್ರ ಅಂಥ ತಡೆ ನಡೆಯುತ್ತದೆ. ನೀವು ಏನನ್ನೂ ಮಾರಿಲ್ಲ.

ಆದ್ದರಿಂದ ಮಾರ್ಚ್ 31ರ ತನಕ ಹೊಸ ಶಾಲೆಯ ಬೋರ್ಡು, ಪೋಸ್ಟರು, ವಾಟ್ಸ್ಆ್ಯಪ್ ಸ್ಟೇಟಸ್ ಏನೂ ಬೇಡ. ಅದು ಮಾಡಿದಿರೋ, ಅವರ ಕೈಗೆ ನಿಜವಾದ ತಪ್ಪು ಒಂದು ಸಿಕ್ಕಿತು. ಏಪ್ರಿಲ್ 1ರಿಂದ ನಿಮ್ಮ ಶಾಲೆ, ನಿಮ್ಮ ಹೆಸರು. ಅವರ ಹೆಸರು, ಲೋಗೋ, ಪುಸ್ತಕ, ಹಾಡು, ಪಾಠದ ಹಾಳೆ ಒಂದನ್ನೂ ಮುಟ್ಟಬೇಡಿ. ಹಳೆ ಬೋರ್ಡು ಒಂದು ದಿನ ಜಾಸ್ತಿ ನೇತಾಡಿದರೂ ಟ್ರೇಡ್ ಮಾರ್ಕ್ ಕೇಸು.

ಲೆಕ್ಕದ ಪುಸ್ತಕ

ಫೀಸ್ ಕಟ್ಟುವ ಆ್ಯಪ್ ಅವರದ್ದಲ್ವಾ? ಈಗಲೇ ಐದು ವರ್ಷದ ಲೆಕ್ಕ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಂಥವರು ಮೊದಲು ಮುಚ್ಚುವುದು ಪಾಸ್‌ವರ್ಡನ್ನು. ಗೂಗಲ್ ಮ್ಯಾಪಿನಲ್ಲಿ ಶಾಲೆಯ ಫೋನ್ ನಂಬರ್ ಯಾರ ಹೆಸರಲ್ಲಿದೆ ಅಂತಲೂ ನೋಡಿ.

ಕುಂಜಿಬೆಟ್ಟು ಟೀಚರ್ · ಮಾರ್ಚ್ 12

ಉತ್ತರ ಕಳಿಸಿ ಹಣ ಕಟ್ಟಿದೆ. ಮಾರ್ಚ್ 5 ದಾಟಿತು, ಯಾರೂ ಬರಲಿಲ್ಲ. ನಿನ್ನೆ ಮೇಲ್ ಬಂತು: ಫೆಬ್ರವರಿ 3ರ ಪತ್ರವನ್ನು ನವೀಕರಣ ಇಲ್ಲ ಎನ್ನುವ ತಿಳುವಳಿಕೆ ಅಂತ ಮಾತ್ರ ಓದಿಕೊಳ್ಳಿ. ಕ್ಷಮಿಸಿ ಅಂತ ಎಲ್ಲೂ ಇಲ್ಲ.

ಆ್ಯಪ್ ಹತ್ತನೇ ತಾರೀಕಿಗೇ ಮುಚ್ಚಿದ್ದಾರೆ. ಲೆಕ್ಕ ಮೊದಲೇ ತೆಗೆದಿಟ್ಟಿದ್ದೆ. ಅಕ್ಕ, ನಿಮಗೆ ಒಂದು ದಿನ ಊಟ ಹಾಕುತ್ತೇನೆ.

ಉಡುಪಿ ಹುಲಿ

ನಮಗೆಲ್ಲ ಇಲ್ವಾ?

ಕುಂಜಿಬೆಟ್ಟು ಟೀಚರ್ · ಜೂನ್ 9

ಸುಮಾರು ಜನ ಕೇಳಿದಿರಿ, ಅದಕ್ಕೆ ಬರೆಯುತ್ತಿದ್ದೇನೆ.

ಡೆಪಾಸಿಟ್ ಮೇ ಕೊನೆಗೆ ಬಂತು. 45 ದಿನ ಅಂದದ್ದು 57 ದಿನ ಆಯಿತು, ಎರಡು ಸಲ ನೆನಪಿನ ಮೇಲ್ ಹಾಕಬೇಕಾಯಿತು. ವ್ಯಾನಿನ ₹38,400 ಬಂದಿಲ್ಲ. ಅದಕ್ಕೆ ದೆಹಲಿಗೆ ಹೋದರೆ ವಕೀಲರ ಫೀಸೇ ಅದಕ್ಕಿಂತ ಜಾಸ್ತಿ. ಬಿಟ್ಟೆ ಅಂತಲ್ಲ, ಮೂರು ವರ್ಷ ಸಮಯ ಉಂಟಂತೆ. ಫೈಲಿನ ಮೇಲೆ 2029 ಅಂತ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ಶಾಲೆ ಶುರು ಮಾಡಿದೆ, ಅದೇ ಕಟ್ಟಡದಲ್ಲಿ, ನಮ್ಮ ಅಜ್ಜಿಯ ಹೆಸರಿನಲ್ಲಿ. ದೊಡ್ಡ ಶಾಲೆಗೆ ಹೋದ ಮಕ್ಕಳನ್ನು ಬಿಟ್ಟು ಉಳಿದವರಲ್ಲಿ ಹೆಚ್ಚಿನವರು ಬಂದರು, ಹೊಸಬರು ಒಂಬತ್ತು. ಒಟ್ಟು 31. ನಾಲ್ಕೈದು ತಂದೆ ತಾಯಂದಿರು ಬ್ರ್ಯಾಂಡ್ ಇಲ್ಲವಲ್ಲ ಅಂತ ಬೇರೆ ಕಡೆ ಸೇರಿಸಿದರು. ಬೇಸರ ಆಯಿತು, ಅವರ ಇಷ್ಟ. ಕಂಪನಿಯಿಂದ 5 ಕಿಲೋಮೀಟರ್ ಅಂತ ಒಂದು ಪತ್ರ ಬಂತು. 27ನೇ ಸೆಕ್ಷನ್ ಬರೆದು ವಕೀಲರು ಉತ್ತರ ಕೊಟ್ಟರು. ಮತ್ತೆ ಸುದ್ದಿ ಇಲ್ಲ.

ಒಂದೇ ತೊಂದರೆ. ಹಳೆ ಬೋರ್ಡ್ ಮಾರ್ಚ್ 31ರ ಸಂಜೆಯೇ ಇಳಿಸಿದ್ದೆ. ಆದರೆ ಐದು ವರ್ಷದ ಬಿಸಿಲಿಗೆ ಸುತ್ತಲಿನ ಗೋಡೆ ಮಾಸಿ, ಬೋರ್ಡ್ ಇದ್ದ ಜಾಗದಲ್ಲಿ ಆ ಆನೆಮರಿ ಲೋಗೋದ ಆಕಾರ ಹಾಗೇ ಉಳಿದಿದೆ. ದೂರದಿಂದ ನೋಡಿದರೆ ಸೊಂಡಿಲು ಸಹ ಕಾಣುತ್ತದೆ. ಮಳೆ ಬಿಡದೆ ಪೇಂಟ್ ಹಿಡಿಯುವುದಿಲ್ಲ ಅಂತ ಪೇಂಟರ್ ಹೇಳುತ್ತಾನೆ. ಸೆಪ್ಟೆಂಬರ್ ತನಕ ಬಿಡಬಹುದಾ?

ಹಂಪನಕಟ್ಟೆ ವಕೀಲ

ಬಿಡಬೇಡಿ. ಇವತ್ತೇ ಒಂದು ಟಾರ್ಪಾಲ್ ಕಟ್ಟಿಸಿ. ನೀಲಿ ಬಣ್ಣದ್ದು ಬೇಡ, ಅವರ ಲೋಗೋ ನೀಲಿ ಅಲ್ವಾ.